ಏನೂ ನಡೆಯದ ರಾತ್ರಿಗಳು: ‘ಮಿಲೇನಿಯಂ ಮ್ಯಾಂಬೊ’ವನ್ನು ಹೇಗೆ ನೋಡಬೇಕು?

ಪ್ರಶ್ನೆ: ತೈವಾನಿನ ‘ಮಿಲೇನಿಯಂ ಮ್ಯಾಂಬೊ’ ಸಿನಿಮಾ ನೋಡಿದೆ. ಮೊದಲ ದೃಶ್ಯ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ಆಮೇಲೆ ಬರೀ ಸಿಗರೇಟು, ಕ್ಲಬ್ಬು, ಜಗಳ, ಮತ್ತೆ ಸಿಗರೇಟು. ಕಥೆ ಮುಂದೆ ಹೋಗುವುದೇ ಇಲ್ಲ. ಸಾಲದ್ದಕ್ಕೆ, ಏನಾಗಲಿದೆ ಎಂಬುದನ್ನು ಹಿನ್ನೆಲೆ ದನಿಯೊಂದು ಮೊದಲೇ ಹೇಳಿಬಿಡುತ್ತದೆ. ಆ ಹುಡುಗಿ ಅಂಥವನನ್ನು ಬಿಟ್ಟು ಹೋಗುವುದಿಲ್ಲ ಯಾಕೆ? ಚೆಂದದ ಬೆಳಕಿನ ಮ್ಯೂಸಿಕ್ ವಿಡಿಯೊಗಿಂತ ಹೆಚ್ಚಿನದೇನಾದರೂ ಇದರಲ್ಲಿದೆಯೇ? ಕೊನೆಗೆ ಇದ್ದಕ್ಕಿದ್ದಂತೆ ಹಿಮದ ಊರು ಯಾಕೆ ಬಂತು?

ಉತ್ತರ: ಕಥೆ ಮುಂದೆ ಹೋಗುವುದಿಲ್ಲ ಅಂತ ನಿಮಗನಿಸಿದ್ದು ಸರಿಯಾಗಿಯೇ ಇದೆ. ಅದರ ಕಾರಣವನ್ನೂ ನೀವೇ ಗುರುತಿಸಿದ್ದೀರಿ: ಆಗುವುದನ್ನು ಮೊದಲೇ ಹೇಳಿಬಿಡುವ ಆ ದನಿ. ಬೆಳಕು, ಸಂಗೀತ, ನಾಯಕಿ ವಿಕಿಯಾಗಿ ನಟಿಸಿದ ಶು ಚಿಯ ಮುಖ ಎಲ್ಲವನ್ನೂ ಆಮೇಲೆ ನೋಡೋಣ. ನನ್ನ ಮಟ್ಟಿಗೆ ಈ ಚಿತ್ರದ ಬೀಗದ ಕೈ ಇರುವುದು ಆ ದನಿಯಲ್ಲೇ.

ಮೊದಲ ಶಾಟ್ ನೆನಪು ಮಾಡಿಕೊಳ್ಳಿ. ಮೇಲ್ಛಾವಣಿಯ ಉದ್ದಕ್ಕೂ ಟ್ಯೂಬ್‌ಲೈಟ್ ಉರಿಯುತ್ತಿರುವ, ಸುರಂಗದ ಹಾಗಿರುವ ಪಾದಚಾರಿ ಮೇಲ್ಸೇತುವೆ. ತೈಪೆಯ ಪಕ್ಕದ ಬಂದರು ಊರು ಕೀಲುಂಗ್‌ನಲ್ಲಿ ಚಿತ್ರಿಸಿದ್ದು. ವಿಕಿ ಮುಂದೆ ನಡೆಯುತ್ತಿದ್ದಾಳೆ, ಕ್ಯಾಮೆರಾ ಅವಳ ಬೆನ್ನ ಹಿಂದೆ. ಸ್ಲೋ ಮೋಷನ್. ಕೂದಲು ಹಾರುತ್ತದೆ, ಸಿಗರೇಟಿನ ಹೊಗೆ ಹಿಂದಕ್ಕೆ ಬರುತ್ತದೆ, ಅವಳು ಆಗಾಗ ಹೊರಳಿ ನಮ್ಮತ್ತ ನೋಡುತ್ತಾಳೆ. ಟೆಕ್ನೊ ಎಂಬ ಎಲೆಕ್ಟ್ರಾನಿಕ್ ಸಂಗೀತದ ಬಡಿತದ ಮೇಲೆ ಹೆಣ್ಣು ದನಿ ಶುರುವಾಗುತ್ತದೆ. ಅವಳು ತನ್ನ ಪ್ರಿಯಕರ ಹಾವೊ ಹಾವೊನನ್ನು ಬಿಟ್ಟಳಂತೆ, ಅವನು ಹುಡುಕಿಕೊಂಡು ಬಂದು ಕರೆದನಂತೆ, ಮಂತ್ರ ಹಾಕಿಸಿಕೊಂಡವಳ ಹಾಗೆ ಪ್ರತಿ ಸಲವೂ ಅವನ ಹತ್ತಿರವೇ ಮರಳಿದಳಂತೆ. ಬ್ಯಾಂಕಿನಲ್ಲಿ ಐದು ಲಕ್ಷ ತೈವಾನ್ ಡಾಲರ್ ಇತ್ತು, ಅದು ಮುಗಿದ ದಿನ ಅವನನ್ನು ಬಿಡುವುದು ಎಂದು ತೀರ್ಮಾನಿಸಿಕೊಂಡಿದ್ದಳಂತೆ. ಆಮೇಲೆ ಆ ದನಿ ಹೇಳುತ್ತದೆ, ಇದೆಲ್ಲ ಹತ್ತು ವರ್ಷಗಳ ಹಿಂದೆ, 2001ರಲ್ಲಿ ನಡೆದದ್ದು ಅಂತ.

ಚಿತ್ರ ತೆರೆ ಕಂಡದ್ದೇ 2001ರಲ್ಲಿ. ಆ ವರ್ಷ ಫ್ರಾನ್ಸಿನ ಕಾನ್ ಚಿತ್ರೋತ್ಸವದ ಸ್ಪರ್ಧಾ ವಿಭಾಗದಲ್ಲಿ ಇದನ್ನು ನೋಡಲು ಕೂತವರಿಗೆ, ನೀವು ಈಗ ಬದುಕುತ್ತಿರುವ ಕಾಲ ಆಗಲೇ ಕಳೆದುಹೋಗಿದೆ ಎಂದು ಪರದೆ ಹೇಳುತ್ತಿತ್ತು. ಮಾತಾಡುತ್ತಿರುವವಳು ವಿಕಿಯೇ, ದನಿ ಶು ಚಿಯದೇ. ಆದರೆ ಅವಳು ‘ನಾನು’ ಅನ್ನುವುದಿಲ್ಲ, ‘ಅವಳು’ ಅನ್ನುತ್ತಾಳೆ. ಹತ್ತು ವರ್ಷ ದೊಡ್ಡವಳಾದ ಹೆಂಗಸು ತನ್ನ ಹರೆಯವನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದಾಳೆ. ಹಾಗಾಗಿ ನೀವು ನೋಡುತ್ತಿರುವುದು ತೈಪೆಯ ರಾತ್ರಿಗಳನ್ನಲ್ಲ, ಅವುಗಳ ನೆನಪನ್ನು. ಇದನ್ನು ಒಪ್ಪಿಕೊಂಡರೆ ನಿಮ್ಮ ದೂರುಗಳ ಅರ್ಧ ಭಾಗ ತಾನಾಗಿ ಬೇರೆ ರೂಪ ಪಡೆಯುತ್ತದೆ. ನೆನಪಿಗೆ ಘಟನೆಗಳ ಸರಣಿ ಬೇಕಿಲ್ಲ. ಯಾವ ಜಗಳ ಮೊದಲು, ಯಾವುದು ಆಮೇಲೆ ಅನ್ನುವುದು ಹತ್ತು ವರ್ಷದ ನಂತರ ಯಾರಿಗೆ ನೆನಪಿರುತ್ತದೆ? ಕೋಣೆಯ ಬಣ್ಣ ನೆನಪಿರುತ್ತದೆ, ಗೋಡೆಯಾಚೆಯ ಸದ್ದು ನೆನಪಿರುತ್ತದೆ.

ನಿರ್ದೇಶಕ ಹೌ ಶಿಯಾವ್ ಶಿಯೆನ್ ಈ ಉಪಾಯವನ್ನು ಯಾಕೆ ಹಿಡಿದರು ಎಂದು ತಿಳಿಯಲು ಅವರ ಹಿಂದಿನ ಚಿತ್ರಗಳತ್ತ ಹೋಗಬೇಕು. ಗುರಿಯಿಲ್ಲದ ಹುಡುಗರು ಅವರಿಗೆ ಹೊಸಬರಲ್ಲ. 1947ರಲ್ಲಿ ಚೀನಾದ ಗ್ವಾಂಗ್‌ಡಾಂಗ್‌ನಲ್ಲಿ ಹುಟ್ಟಿ, ಎಳೆಗೂಸಾಗಿ ತೈವಾನಿಗೆ ಬಂದು, ದಕ್ಷಿಣದ ಫೆಂಗ್‌ಶಾನ್‌ನಲ್ಲಿ ಬೀದಿ ಹೊಡೆದಾಟ, ಜೂಜುಗಳ ನಡುವೆಯೇ ಬೆಳೆದವರು ಅವರು. 1983ರ ‘ದಿ ಬಾಯ್ಸ್ ಫ್ರಮ್ ಫೆಂಗ್‌ಕುಯಿ’ ಚಿತ್ರದಲ್ಲಿ ಪೆಂಗ್‌ಹು ದ್ವೀಪದ ಪುಂಡ ಹುಡುಗರು ಕೆಲಸ ಹುಡುಕಿಕೊಂಡು ಕಾವ್‌ಶ್ಯುಂಗ್ ನಗರಕ್ಕೆ ಬರುತ್ತಾರೆ. ಬೀದಿಯಲ್ಲಿ ಒಬ್ಬ ಅವರಿಗೆ ಸಿನಿಮಾ ಟಿಕೆಟ್ ಮಾರುತ್ತಾನೆ. ಹೇಳಿದ ಕಟ್ಟಡದ ಮೆಟ್ಟಿಲು ಹತ್ತಿ ಮೇಲೆ ಹೋದರೆ ಅಲ್ಲಿ ಚಿತ್ರಮಂದಿರವೇ ಇಲ್ಲ, ಕಟ್ಟಿ ಮುಗಿಯದ ಖಾಲಿ ಮಹಡಿ. ಗೋಡೆ ಇರಬೇಕಾದ ಕಡೆ ಅಗಲವಾದ ತೆರಪು, ತೆರಪಿನಾಚೆ ಇಡೀ ನಗರ. ಮೋಸ ಹೋದ ಹುಡುಗರು ಅಲ್ಲೇ ನಿಂತು ಆ ನಗರವನ್ನೇ ಸಿನಿಮಾದಂತೆ ನೋಡುತ್ತಾರೆ. ಹೌ ಅವರ ಕ್ಯಾಮೆರಾ ಆಗ ಅಲ್ಲಾಡುತ್ತಿರಲಿಲ್ಲ, ದೂರ ನಿಂತು ನೋಡುತ್ತಿತ್ತು. ಆ ಚಿತ್ರದ ತಯಾರಿಯ ಹೊತ್ತಿನಲ್ಲಿ, ಮುಂದೆ ದಶಕಗಳ ಕಾಲ ಅವರ ಚಿತ್ರಕಥೆಗಳ ಜೊತೆಗಾರ್ತಿಯಾಗಿ ಹೆಸರಾದ ಲೇಖಕಿ ಚು ತಿಯೆನ್ ವೆನ್, ಹೌ ಅವರ ಕೈಗೆ ಚೀನೀ ಲೇಖಕ ಶೆನ್ ತ್ಸೊಂಗ್‌ವೆನ್‌ರ ಆತ್ಮಕಥೆ ಕೊಟ್ಟಿದ್ದರು. ಎಂಥ ಘೋರವನ್ನೂ ಎತ್ತರದಿಂದ, ಸಮಾಧಾನದಿಂದ ನೋಡುವ ಆ ಬರಹದ ದೃಷ್ಟಿ ಹೌ ಅವರಿಗೆ ಹಿಡಿಸಿತು. ಇನ್ನಷ್ಟು ಹಿಂದಕ್ಕೆ ಹೋಗು, ಇನ್ನಷ್ಟು ದೂರದಿಂದ ನೋಡು ಎಂದು ಛಾಯಾಗ್ರಾಹಕನಿಗೆ ಹೇಳಲು ಶುರು ಮಾಡಿದರು.

ಆ ದೂರ ಕಾಲದ ದೂರವೂ ಆಗಿತ್ತು. ತನ್ನ ಬಾಲ್ಯ, ಚು ತಿಯೆನ್ ವೆನ್‌ರಂಥ ಗೆಳೆಯರ ಬಾಲ್ಯ, ದ್ವೀಪದ ಚರಿತ್ರೆ. 1989ರಲ್ಲಿ ವೆನಿಸ್‌ನ ಗೋಲ್ಡನ್ ಲಯನ್ ಪಡೆದ ‘ಎ ಸಿಟಿ ಆಫ್ ಸ್ಯಾಡ್‌ನೆಸ್’ ತೈವಾನಿನಲ್ಲಿ ಸರ್ಕಾರ 1947ರಲ್ಲಿ ನಡೆಸಿದ ಫೆಬ್ರವರಿ 28ರ ಹತ್ಯಾಕಾಂಡದ ಸುತ್ತಲಿನ ವರ್ಷಗಳದ್ದು. 1998ರ ‘ಫ್ಲವರ್ಸ್ ಆಫ್ ಶಾಂಘೈ’ 19ನೇ ಶತಮಾನಕ್ಕೇ ಹೋಯಿತು. ಐವತ್ತು ದಾಟಿದ ಇಂಥ ನಿರ್ದೇಶಕ ತನ್ನ ಮಕ್ಕಳ ವಯಸ್ಸಿನವರ ರಾತ್ರಿಗಳನ್ನು ಚಿತ್ರಿಸಲು ಹೊರಟಾಗ ಎದುರಾದ ತೊಡಕು ಇದೇ: ವರ್ತಮಾನಕ್ಕೆ ದೂರವೇ ಇಲ್ಲ. ದೂರ ಇಲ್ಲದಿದ್ದರೆ ಅವರಿಗೆ ನೋಡಲು ಬರುವುದಿಲ್ಲ. ಅದಕ್ಕೇ 2011 ಎಂಬ ಇನ್ನೂ ಬಾರದ ವರ್ಷದಲ್ಲಿ ಒಬ್ಬಳನ್ನು ನಿಲ್ಲಿಸಿ, ಅಲ್ಲಿಂದ 2001ನ್ನು ನೋಡಿಸಿದರು. ವರ್ತಮಾನವನ್ನು ಚರಿತ್ರೆ ಮಾಡಿಕೊಂಡ ಮೇಲೆಯೇ ಅವರಿಗೆ ಅದು ಕೈಗೆ ಸಿಕ್ಕಿತು. ಕಾಲದ ದೂರ ಸಿಕ್ಕ ಮೇಲೆ ಜಾಗದ ದೂರ ಬೇಕಾಗಲಿಲ್ಲ. ಹಾಗಾಗಿಯೇ ಈ ಚಿತ್ರದಲ್ಲಿ ಕ್ಯಾಮೆರಾ ಮುಖಗಳ ಹತ್ತಿರ ಬಂತು ಎಂದು ನಾನು ನಂಬಿದ್ದೇನೆ.

ಈಗ ಹಿನ್ನೆಲೆ ದನಿ ಗುಟ್ಟು ಬಿಟ್ಟುಕೊಡುವ ವಿಷಯ. ಹಾವೊ ಹಾವೊ ತನ್ನ ಅಪ್ಪನ ರೋಲೆಕ್ಸ್ ವಾಚು ಕದ್ದು ಗಿರವಿ ಇಟ್ಟದ್ದು, ಪೊಲೀಸರು ಮನೆಗೆ ಬಂದದ್ದು ಎಲ್ಲ ನಮಗೆ ದನಿಯ ಮೂಲಕ ಮೊದಲೇ ಗೊತ್ತು. ಆಮೇಲೆ ದೃಶ್ಯ ಬಂದಾಗ ‘ಮುಂದೇನು’ ಎಂಬ ಕುತೂಹಲ ಸತ್ತಿರುತ್ತದೆ. ಆ ಜಾಗದಲ್ಲಿ ಬೇರೆ ಗಮನ ಹುಟ್ಟುತ್ತದೆ: ಪೊಲೀಸರು ಸಾಮಾನು ಕೆದಕುತ್ತಿರುವಾಗ ಅವಳು ಎಲ್ಲಿ ಕೂತಿದ್ದಾಳೆ, ಕೈಯನ್ನು ಏನು ಮಾಡುತ್ತಿದ್ದಾಳೆ, ಅವಮಾನವೋ ಬೇಸರವೋ, ಅಥವಾ ಎರಡಕ್ಕೂ ಆಗದಷ್ಟು ದಣಿವೋ. ಕುತೂಹಲವನ್ನು ಕಿತ್ತುಕೊಂಡು ಗಮನವನ್ನು ಕೊಡುವುದು ದೊಡ್ಡ ಪಂದ್ಯ. ಒಗ್ಗದವರಿಗೆ ಚಿತ್ರ ಪೂರ್ತಿ ಕೈ ತಪ್ಪುತ್ತದೆ. ಕಾನ್‌ನಲ್ಲೂ ಎಲ್ಲರೂ ಮೆಚ್ಚಲಿಲ್ಲ.

ಅವನನ್ನು ಬಿಟ್ಟು ಹೋಗುವುದಿಲ್ಲ ಯಾಕೆ ಅಂತ ಕೇಳಿದ್ದೀರಿ. ದನಿ ಹೇಳುವ ಇನ್ನೊಂದು ಸಂಗತಿ ನಿಮ್ಮ ಕಿವಿಗೆ ಬಿದ್ದೂ ಜಾರಿ ಹೋಗಿರಬಹುದು. ಶಾಲೆಯ ಕೊನೆಯ ಪರೀಕ್ಷೆಯ ಬೆಳಿಗ್ಗೆ ಹಾವೊ ಹಾವೊ ಅವಳನ್ನು ಬೇಕೆಂದೇ ಎಬ್ಬಿಸಲಿಲ್ಲ. ಪಾಸಾದರೆ ಇವಳು ಕೈ ಬಿಟ್ಟು ಹೋಗುತ್ತಾಳೆಂಬ ಭಯ ಅವನಿಗೆ. ಅವಳು ನಿದ್ದೆ ಹೋದಳು, ಪರೀಕ್ಷೆ ಹೋಯಿತು, ಶಾಲೆ ಅಲ್ಲಿಗೆ ಮುಗಿಯಿತು. ಇದನ್ನು ಅವಳು ಸಿಟ್ಟಿಲ್ಲದೆ ಹೇಳುತ್ತಾಳೆ. ದೃಶ್ಯವಾಗಿ ಇದು ಬರುವುದೂ ಇಲ್ಲ. ಆದರೆ ಈ ಸಿನಿಮಾವನ್ನು ‘ಗುರಿಯಿಲ್ಲದ ಯುವಜನರ ಚಿತ್ರ’ ಎಂದು ಕರೆದು ಮುಗಿಸುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಗುರಿ ಇಲ್ಲದೆ ಹುಟ್ಟಿದ ಹುಡುಗಿಯಲ್ಲ ಇವಳು. ಹತ್ತಿರದವನೇ ಒಂದು ಬೆಳಿಗ್ಗೆ ಅದನ್ನು ಕಿತ್ತುಕೊಂಡ.

ಇನ್ನು ಆ ಐದು ಲಕ್ಷ. ಚಿತ್ರದಲ್ಲಿ ಗಡಿಯಾರ ಇಲ್ಲ, ಹಗಲು ಅಪರೂಪ, ವಾರ ತಿಂಗಳುಗಳ ಲೆಕ್ಕ ಸಿಗುವುದಿಲ್ಲ. ಕಾಲ ಅಳೆಯಲು ಅವಳಿಗಿರುವುದು ಬ್ಯಾಂಕಿನ ಪಾಸ್‌ಬುಕ್ ಒಂದೇ. ಅವನು ದುಡಿಯುವುದಿಲ್ಲ. ಹಣ ಕರಗುತ್ತದೆ. ಅವಳು ಬಾರಿನಲ್ಲಿ ಗಿರಾಕಿಗಳ ಜೊತೆ ಕೂರುವ ಕೆಲಸಕ್ಕೆ ಸೇರುತ್ತಾಳೆ, ಅಂದರೆ ಮುಗಿಯಬೇಕಾದ ಹಣಕ್ಕೆ ಮತ್ತೆ ಹಣ ಸೇರುತ್ತದೆ. ಬಿಡುಗಡೆಯ ದಿನವನ್ನು ದೂಡುತ್ತಿರುವುದು ಅವಳದೇ ದುಡಿಮೆ. ಇಷ್ಟು ಗಟ್ಟಿಯಾದ ಕಥಾ ಹೆಣಿಗೆ ‘ಕಥೆಯಿಲ್ಲದ’ ಚಿತ್ರವೊಂದರ ಒಳಗಿದೆ. ಹೌ ಅದನ್ನು ಎತ್ತಿ ತೋರಿಸುವುದಿಲ್ಲ, ಅಷ್ಟೇ.

ಅವಳು ಕೆಲಸದಿಂದ ಬಂದಾಗ ನಡೆಯುವುದನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ. ಹಾವೊ ಹಾವೊ ಕೈಚೀಲ ಕೆದಕುತ್ತಾನೆ, ಚೀಟಿಗಳನ್ನು ತೆಗೆದು ಓದುತ್ತಾನೆ. ಆಮೇಲೆ ಅವಳ ಮೈಯನ್ನು ಮೂಸುತ್ತಾನೆ: ಕತ್ತು, ತೋಳು, ಬಟ್ಟೆ. ಬೇರೆ ಗಂಡಸಿನ ವಾಸನೆ ಇದೆಯಾ ಎಂದು. ಅವಳು ನಿಂತಿರುತ್ತಾಳೆ. ಈ ದೃಶ್ಯದಲ್ಲಿ ಹೊಡೆತವಿಲ್ಲ, ಕೂಗಾಟವಿಲ್ಲ, ಶಾಟ್ ತುಂಡಾಗುವುದೂ ಇಲ್ಲ. ಕಟ್ ಮಾಡಿದ್ದರೆ ನಮಗೆ ಬೇರೆಡೆ ನೋಡಲು ಜಾಗ ಸಿಗುತ್ತಿತ್ತು. ಕಟ್ ಇಲ್ಲ, ಅವಳಿಗೂ ಬಾಗಿಲಿಲ್ಲ. ಇಲ್ಲಿ ಛಾಯಾಗ್ರಾಹಕ ಲೀ ಪಿಂಗ್ ಬಿನ್ ಮಾಡಿದ ಕೆಲಸ ಬರೀ ಚೆಂದಕ್ಕಲ್ಲ. ಇಕ್ಕಟ್ಟಿನ ಮನೆಯಲ್ಲಿ ಸಾಮಾನ್ಯವಾಗಿ ವೈಡ್ ಲೆನ್ಸ್ ಹಾಕುತ್ತಾರೆ, ಜಾಗ ದೊಡ್ಡದಾಗಿ ಕಾಣಲಿ ಅಂತ. ಅವರು ಹಾಕಿದ್ದು ಉದ್ದದ ಲೆನ್ಸ್. ಅದು ಹಿಂದಿನ ಗೋಡೆಯನ್ನು ಎಳೆದು ತಂದು ಜನರ ಬೆನ್ನಿಗೆ ಅಂಟಿಸಿಬಿಡುತ್ತದೆ. ಜೊತೆಗೆ ಮಂದ ಬೆಳಕು. ಫಿಲ್ಮಿನ ಮೇಲೆ ಚಿತ್ರ ಮೂಡಬೇಕಾದರೆ ಲೆನ್ಸಿನಲ್ಲಿ ಬೆಳಕು ಒಳಬರುವ ಕಿಂಡಿಯನ್ನು (ಅಪರ್ಚರ್) ದೊಡ್ಡದಾಗಿ ತೆರೆಯಬೇಕು, ಆಗ ಫೋಕಸ್ ಸಿಗುವ ಪದರ ತೀರಾ ತೆಳುವಾಗುತ್ತದೆ. ಒಂದು ಹೆಜ್ಜೆ ಹಿಂದಿಟ್ಟರೆ ಮುಖ ಮಸುಕು. ಹೌ ತಮ್ಮ ನಟರಿಗೆ ಸನ್ನಿವೇಶ ಹೇಳಿ ಬಿಟ್ಟುಬಿಡುವವರು, ಎಲ್ಲಿ ನಿಲ್ಲಬೇಕು ಎಂದು ಗೆರೆ ಎಳೆಯುವವರಲ್ಲ. ಹಾಗಾಗಿ ಕ್ಯಾಮೆರಾ ಅವರನ್ನು ಅರಸುತ್ತಲೇ ಇರುತ್ತದೆ. ಮುಂಭಾಗದಲ್ಲಿ ಕರಗಿದ ಬಣ್ಣದ ಬೆಳಕಿನ ಗುಳ್ಳೆಗಳು, ನಡುವೆ ಒಂದು ಮುಖ, ಅದೂ ಈಗಲೋ ಆಗಲೋ ಮಸುಕಾಗುವ ಹಾಗೆ. ಹತ್ತು ವರ್ಷದ ಹಿಂದಿನ ಕೋಣೆಯನ್ನು ಮನಸ್ಸು ನೋಡುವುದೂ ಹೀಗೆಯೇ.

ನಿಮ್ಮ ಅಸಮಾಧಾನದಲ್ಲಿ ನಾನು ಪೂರ್ತಿ ಒಪ್ಪುವ ಭಾಗವೂ ಇದೆ. ಹಾವೊ ಹಾವೊನ ಕ್ರೌರ್ಯ ಕೆಲವೆಡೆ ಈ ಬೆಳಕಿನಲ್ಲಿ ಮುಳುಗಿ ಚೆಲುವಾಗಿಬಿಡುತ್ತದೆ, ಅದು ಅಪಾಯ. ಅವನು ಯಾಕೆ ಹಾಗಾದ ಎಂಬುದರ ಕಡೆ ಚಿತ್ರ ತಿರುಗಿಯೂ ನೋಡುವುದಿಲ್ಲ. ಇನ್ನೊಂದು ತುದಿಯಲ್ಲಿ ಜಾಕ್ ಇದ್ದಾನೆ, ಭೂಗತ ಲೋಕದ ನಡುವಯಸ್ಸಿನವನು, ಜಾಕ್ ಕಾವೊ ನಿರ್ವಹಿಸಿದ ಪಾತ್ರ. ವಿಕಿಗೆ ಆಸರೆ ಕೊಡುತ್ತಾನೆ, ಪ್ರತಿಯಾಗಿ ಏನನ್ನೂ ಕೇಳುವುದಿಲ್ಲ. ಇಷ್ಟು ಒಳ್ಳೆಯ ರೌಡಿಯನ್ನು ನಂಬುವುದು ನನಗಂತೂ ಕಷ್ಟ. ನೆನಪು ಜನರನ್ನು ಹೀಗೆ ಕಪ್ಪು ಬಿಳುಪು ಮಾಡುತ್ತದೆ ಎಂದು ಸಮರ್ಥಿಸಬಹುದು. ನನಗೆ ಆ ಸಮರ್ಥನೆ ಸಾಲದು. ಎರಡು ಗಂಡು ಪಾತ್ರಗಳೂ ವಿಕಿಯ ಮುಂದೆ ತೆಳುವಾಗಿವೆ, ಚಿತ್ರವನ್ನು ಹೊತ್ತಿರುವುದು ಶು ಚಿ ಒಬ್ಬರೇ. ಕುಡಿದು ನಗುವಾಗ, ಸುಮ್ಮನೆ ಕೂತಾಗ, ಅಳುವನ್ನು ಸಿಗರೇಟು ಹಚ್ಚುವ ಕೆಲಸದಲ್ಲಿ ಮರೆಸುವಾಗ ಅವರ ಮುಖದ ಮೇಲೆ ನಡೆಯುವುದೇ ಇಲ್ಲಿನ ಘಟನೆ.

ಸದ್ದಿನ ಬಗ್ಗೆ ನೀವು ಏನೂ ಬರೆದಿಲ್ಲ. ಬಹುಶಃ ಮೊಬೈಲಿನಲ್ಲೋ ಲ್ಯಾಪ್‌ಟಾಪಿನಲ್ಲೋ ನೋಡಿದ್ದೀರಿ. ಈ ಚಿತ್ರಕ್ಕೆ ಅದು ದೊಡ್ಡ ನಷ್ಟ. ಕಾನ್‌ನಲ್ಲಿ ಇದಕ್ಕೆ ದಕ್ಕಿದ ಮನ್ನಣೆಯೇ ಸದ್ದಿಗೆ: ಧ್ವನಿ ವಿನ್ಯಾಸಕ ತು ಡು ಚಿ ಅವರಿಗೆ, ಅದೇ ವರ್ಷದ ಇನ್ನೊಂದು ತೈವಾನಿ ಚಿತ್ರದ ಕೆಲಸವನ್ನೂ ಸೇರಿಸಿ, ತಾಂತ್ರಿಕ ಗ್ರ್ಯಾಂಡ್ ಪ್ರೈಜ್ ಬಂತು. ಹಾವೊ ಹಾವೊ ಮನೆಯಲ್ಲೇ ಡಿಜೆ ಟರ್ನ್‌ಟೇಬಲ್ ಇಟ್ಟುಕೊಂಡಿದ್ದಾನೆ. ಕ್ಲಬ್ಬಿನ ಬಡಿತ ಮನೆಯೊಳಕ್ಕೂ ಬಂದು ಕೂತಿದೆ. ಅವರು ಜಗಳವಾಡುವಾಗಲೂ ಅದು ಹಿಂದೆ ತಿರುಗುತ್ತಲೇ ಇರುತ್ತದೆ. ಟೆಕ್ನೊ ಸಂಗೀತದ ಕಟ್ಟಡವನ್ನು ಗಮನಿಸಿ: ಚಿಕ್ಕದೊಂದು ತುಣುಕು ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲ ಕೂದಲೆಳೆಯಷ್ಟು ಬದಲಾಗಿ. ವಿಕಿ ಬಿಟ್ಟು ಹೋಗುವುದು, ಅವನು ಕರೆತರುವುದು, ಮತ್ತೆ ಬಿಟ್ಟು ಹೋಗುವುದು ಕೂಡ ಅದೇ ಕಟ್ಟಡದಲ್ಲಿವೆ. ನಿಮಗೆ ‘ಮತ್ತೆ ಸಿಗರೇಟು’ ಅನಿಸಿದ್ದು ಅದರಿಂದಲೇ.

ಈ ಸಂಗೀತ ಮಾಡಿದ ಲಿಮ್ ಗಿಯಾಂಗ್‌ರ ಕಥೆ ಕೇಳಿದರೆ ಚಿತ್ರದ ಭಾರ ಇನ್ನಷ್ಟು ತಿಳಿಯುತ್ತದೆ. 1990ರಲ್ಲಿ ಅವರು ತೈವಾನಿನ ಆಡುಮಾತು ಹೊಕ್ಕಿಯೆನ್‌ನಲ್ಲಿ ಹಾಡಿದ ರಾಕ್ ಗೀತೆ ಇಡೀ ದ್ವೀಪದ ಹುಡುಗರ ಬಾಯಲ್ಲಿತ್ತು. ಊರಿಗೆ ವಿದಾಯ ಹೇಳಿ, ರೈಲು ಹತ್ತಿ, ಕನಸುಗಳನ್ನು ಕಟ್ಟಿಕೊಂಡು ತೈಪೆಗೆ ಹೊರಡುವ ಯುವಕನ ಹಾಡು ಅದು. 1949ರಿಂದ 1987ರವರೆಗೆ, 38 ವರ್ಷ ನಡೆದ ಸೇನಾ ಕಾಯ್ದೆ ಆಗಷ್ಟೇ ತೊಲಗಿತ್ತು. ಏನು ಬೇಕಾದರೂ ಆಗಬಹುದು ಎಂಬ ಹುಮ್ಮಸ್ಸು ಗಾಳಿಯಲ್ಲಿತ್ತು. ಆಮೇಲೆ ಅವರು ಹೌ ಅವರ ಚಿತ್ರಗಳಲ್ಲಿ ನಟಿಸಿದರು, ಎಲೆಕ್ಟ್ರಾನಿಕ್ ಸಂಗೀತದ ಕಡೆ ಹೊರಳಿದರು. ತೈಪೆಗೆ ಹೋಗೋಣ ಬನ್ನಿ ಎಂದು ಹಾಡಿದವರೇ ಹನ್ನೊಂದು ವರ್ಷದ ಮೇಲೆ ತೈಪೆಯಿಂದ ಎಲ್ಲಿಗೂ ಹೋಗಲಾಗದವರಿಗೆ ಸಂಗೀತ ಕೊಟ್ಟಿದ್ದಾರೆ. ತೈವಾನಿ ಪ್ರೇಕ್ಷಕರಿಗೆ ಆ ಹೆಸರು ಪರದೆಯ ಮೇಲೆ ಬಂದೊಡನೆ ಈ ಎರಡೂ ಒಟ್ಟಿಗೆ ನೆನಪಾಗುತ್ತವೆ.

ಇದೇ ಕಾರಣಕ್ಕೆ ಚಿತ್ರದಲ್ಲಿ ಏನಿಲ್ಲ ಎಂಬುದೂ ಮುಖ್ಯ. 1996ರಲ್ಲಿ ತೈವಾನಿನ ಜನ ಮೊದಲ ಸಲ ನೇರವಾಗಿ ಅಧ್ಯಕ್ಷನನ್ನು ಆರಿಸಿದರು. 2000ದಲ್ಲಿ, ಅರ್ಧ ಶತಮಾನ ಆಳಿದ ಕ್ವೊಮಿಂಟಾಂಗ್ ಪಕ್ಷ ಮೊದಲ ಬಾರಿಗೆ ಅಧಿಕಾರ ಕಳೆದುಕೊಂಡಿತು. ಚರಿತ್ರೆಯ ಚಿತ್ರಗಳನ್ನೇ ಮಾಡಿ ಹೆಸರಾದ ನಿರ್ದೇಶಕ ಮರು ವರ್ಷವೇ ಮಾಡಿದ ಚಿತ್ರದಲ್ಲಿ ಇದರ ಸುಳಿವೇ ಇಲ್ಲ. ಆ ಕೋಣೆಯ ಕಿಟಕಿಗೆ ಅದು ತಲುಪುವುದಿಲ್ಲ. ಅಪ್ಪ ಅಮ್ಮಂದಿರು ಯಾವುದಕ್ಕಾಗಿ ಕಾದಿದ್ದರೋ ಅದು ಬಂದೇ ಬಂತು, ಬಂದಾಗ ಇವರು ಮಲಗಿದ್ದರು. ಹೌ ಇದಕ್ಕಾಗಿ ಆ ಹುಡುಗರನ್ನು ಗದರುವುದಿಲ್ಲ. ಹಿರಿಯ ನಿರ್ದೇಶಕರು ಕಿರಿಯರ ಬಗ್ಗೆ ಮಾಡುವ ಚಿತ್ರಗಳಲ್ಲಿ ಉಪದೇಶ ಇಣುಕುವುದೇ ಹೆಚ್ಚು. ಇಲ್ಲಿ ಅದು ಒಂದು ಕ್ಷಣವೂ ಇಲ್ಲ ಎನ್ನುವುದು ನನಗೆ ಈ ಚಿತ್ರದ ಮೇಲಿರುವ ಗೌರವದ ದೊಡ್ಡ ಕಾರಣ.

ಹಿಮದ ಊರಿನ ಬಗ್ಗೆ. ಅದು ಜಪಾನಿನ ಉತ್ತರದ ಹೊಕ್ಕೈಡೊ ದ್ವೀಪದ ಯೂಬಾರಿ. ವಿಕಿಗೆ ಪರಿಚಯವಾದ, ಅರ್ಧ ಜಪಾನಿ ಮೂಲದ ಅಣ್ಣತಮ್ಮಂದಿರು ಅವಳನ್ನು ಅಲ್ಲಿಗೆ ಕರೆದೊಯ್ಯುತ್ತಾರೆ. ದಾರಿ ಬದಿಯಲ್ಲಿ ಗುಡ್ಡೆಯಾಗಿ ಬಿದ್ದ ಹಿಮಕ್ಕೆ ಮುಖ ಒತ್ತಿ, ಮೂಡಿದ ಅಚ್ಚನ್ನು ನೋಡಿ ನಗುತ್ತಾರೆ. ಬೀದಿಯ ಎರಡೂ ಬದಿಗೆ ಹಳೆಯ ಸಿನಿಮಾಗಳ ಕೈಯಲ್ಲಿ ಬರೆದ ಪೋಸ್ಟರುಗಳಿವೆ. ಇಡೀ ಚಿತ್ರದಲ್ಲಿ ವಿಕಿಯನ್ನು ಯಾರೂ ಮೂಸದ, ಕಾಯದ, ಕರೆಯದ ಜಾಗ ಇದೊಂದೇ. ಉಸಿರು ಬಿಡುವುದು ಕಣ್ಣಿಗೆ ಕಾಣುವಷ್ಟು ಚಳಿ, ಅವಳು ನಿಜವಾಗಿ ಉಸಿರಾಡುವುದೂ ಅಲ್ಲೇ. ಮುಖದ ಅಚ್ಚು ಕರಗಿ ಹೋಗುತ್ತದೆ, ಆದ್ದರಿಂದ ಅದು ಹರೆಯದ ಸಂಕೇತ ಎಂದು ಬರೆಯುವವರು ಬಹಳ ಮಂದಿ. ಹಾಗೆ ಓದಿದರೆ ತಪ್ಪೇನಿಲ್ಲ. ಆದರೆ ನನಗೆ ಆ ಊರಿನ ನಿಜವಾದ ಚರಿತ್ರೆಯೇ ಹೆಚ್ಚು ಕಾಡುತ್ತದೆ. ಯೂಬಾರಿ ಕಲ್ಲಿದ್ದಲ ಗಣಿಯ ಊರು. 1960ರ ಸುಮಾರಿಗೆ ಒಂದು ಲಕ್ಷಕ್ಕೂ ಹೆಚ್ಚು ಜನ ಇದ್ದರು. ಗಣಿಗಳು ಒಂದೊಂದಾಗಿ ಮುಚ್ಚಿದವು, ಕೊನೆಯದು ಬಾಗಿಲು ಹಾಕಿದ್ದು 1990ರಲ್ಲಿ. ಊರನ್ನು ಉಳಿಸಿಕೊಳ್ಳಲು ಅದೇ ವರ್ಷ ಚಿತ್ರೋತ್ಸವ ಶುರು ಮಾಡಿದರು. ಕೆಲಸ ಹೋದ ಊರು ಸಿನಿಮಾವನ್ನು ನಂಬಿಕೊಂಡಿತು. ಪೋಸ್ಟರುಗಳು ಬೀದಿಗೆ ಬಂದ ಹಿನ್ನೆಲೆ ಇದು. ಚಿತ್ರ ಬಂದ ಆರು ವರ್ಷಕ್ಕೆ, 2007ರಲ್ಲಿ, ಯೂಬಾರಿಯ ನಗರಾಡಳಿತ ಸಾಲದ ಹೊರೆಯಲ್ಲಿ ದಿವಾಳಿಯಾಯಿತು. ಆ ವರ್ಷ ಚಿತ್ರೋತ್ಸವವೂ ನಿಂತಿತು. ಮರು ವರ್ಷ ಊರಿನವರೇ ಸೇರಿ ಮತ್ತೆ ನಡೆಸಿದರು. 2001ರಲ್ಲಿ ಹೌ ಅವರಿಗೆ ಇದು ತಿಳಿದಿರಲು ಸಾಧ್ಯವಿಲ್ಲ. ಆದರೂ 2011ರಲ್ಲಿ ನಿಂತು ಮಾತಾಡುವ ಅವರ ವಿಕಿ ನೆನೆಯುತ್ತಿರುವುದು, ಲೆಕ್ಕಕ್ಕೆ ಸರಿಯಾಗಿ, ಆಗಲೇ ಕುಸಿದಿದ್ದ ಊರನ್ನು.

ಇನ್ನೊಮ್ಮೆ ನೋಡುವುದಾದರೆ 2022ರಲ್ಲಿ ಬಂದ 4ಕೆ ಮರುಜೀವ ಪ್ರತಿಯನ್ನೇ ಹುಡುಕಿ. ಹಳೆಯ ಡಿವಿಡಿಗಳಲ್ಲಿ ಕಪ್ಪು ಬಣ್ಣವೆಲ್ಲ ಕೆಸರಾಗಿ, ಲೀ ಪಿಂಗ್ ಬಿನ್‌ರ ಕೆಲಸ ಅರ್ಧವೂ ಕಾಣುತ್ತಿರಲಿಲ್ಲ. ಕೋಣೆಯ ದೀಪ ಆರಿಸಿ, ಒಳ್ಳೆಯ ಹೆಡ್‌ಫೋನ್ ಹಾಕಿ. ಅದಕ್ಕೂ ಮೊದಲು ‘ದಿ ಬಾಯ್ಸ್ ಫ್ರಮ್ ಫೆಂಗ್‌ಕುಯಿ’ ನೋಡಿದರೆ ಒಳ್ಳೆಯದು. ಒಬ್ಬನೇ ನಿರ್ದೇಶಕ ಅಲೆಮಾರಿ ಹರೆಯವನ್ನು ಹದಿನೆಂಟು ವರ್ಷಗಳ ಅಂತರದಲ್ಲಿ ಎಷ್ಟು ಬೇರೆಯಾಗಿ ನೋಡಿದ ಎಂಬುದು ತಾನಾಗಿ ತಿಳಿಯುತ್ತದೆ. ನಂತರ ‘ತ್ರೀ ಟೈಮ್ಸ್’ ನೋಡಿ. 2005ರ ಚಿತ್ರ. 1966, 1911, 2005 ಎಂಬ ಮೂರು ಕಾಲದ ಮೂರು ಪ್ರೇಮಕಥೆಗಳಲ್ಲೂ ಶು ಚಿ ಮತ್ತು ಚಾಂಗ್ ಚೆನ್ ಇದ್ದಾರೆ. ಮೂರನೆಯ ಕಥೆ ಮತ್ತೆ ತೈಪೆಯ ರಾತ್ರಿಗಳದ್ದು: ಅದೇ ನಟಿ, ಅದೇ ಛಾಯಾಗ್ರಾಹಕ, ಅದೇ ಕ್ಲಬ್ಬುಗಳು, ಅದೇ ದಣಿವು. ಆದರೆ ಮುಂದಿನ ಕಾಲದಿಂದ ನೆನೆಯುವ ದನಿ ಅಲ್ಲಿಲ್ಲ, ವರ್ತಮಾನ ವರ್ತಮಾನವಾಗಿಯೇ ಇದೆ. ನನಗೆ ಆ ಭಾಗ ಮೂರರಲ್ಲಿ ಎಲ್ಲಕ್ಕಿಂತ ತಣ್ಣಗೆ, ಹೊರಗೇ ಉಳಿದಂತೆ ಕಾಣುತ್ತದೆ. ದನಿಯ ಬಗ್ಗೆ ನಾನು ಇಷ್ಟುದ್ದ ಬರೆದದ್ದು ನಿಜವೋ ಅಲ್ಲವೋ ಎಂದು ಅಲ್ಲಿ ನೀವೇ ಒರೆಗೆ ಹಚ್ಚಬಹುದು. ನಿಮಗೆ ಬೇರೆ ಅನಿಸಿದರೆ ಖಂಡಿತ ಬರೆಯಿರಿ.